ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬೋರನಕಣಿವೆಗೆ

ಇವತ್ತು ಬೆಳಿಗ್ಗೆ ಹಾಲಿಗೆಂದು ಗೇಟಿನ ಹತ್ತಿರ ನಿಂತಿದ್ದಾಗ ಯಾರದೋ ಹಳೆಯ ಸ್ಕೂಟರೊಂದು ನೀಲಿ ಹೊಗೆ ಬಿಟ್ಟುಕೊಂಡು ಹೋಯಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುತ್ತಿದ್ದ ಕಾಲದ ಸ್ಕೂಟರು. ಆ ವಾಸನೆ ಈಗಿನವರಿಗೆ ಕೆಮ್ಮು ತರಿಸುತ್ತದೆ. ನನಗೆ ಭಾನುವಾರವನ್ನು ತರಿಸುತ್ತದೆ.

ನಾನು ತುರುವೇಕೆರೆಯಿಂದ ಬಿಳಿಗೆರೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮ ಯಜಮಾನರು ತಿಪಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ತೋಟ, ದನ, ಆಳುಕಾಳು ಎಲ್ಲದರ ಕಾರುಬಾರೂ ಅತ್ತೆಯದೇ. ಮದುವೆಯಾದ ವರ್ಷವೇ ಯಜಮಾನರು ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ತಂದರು. ಅಲ್ಲಿಂದ ಶುರುವಾಯಿತು ನಮ್ಮ ಭಾನುವಾರದ ತಿರುಗಾಟ. ಒಂದು ವಾರ ಅರಳಗುಪ್ಪೆಯ ಗುಡಿ, ಇನ್ನೊಂದು ವಾರ ಹೊನ್ನವಳ್ಳಿಯ ಕೆರೆ ಏರಿ, ಮತ್ತೊಂದು ವಾರ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡ. ಬುತ್ತಿಗೆ ಚಿತ್ರಾನ್ನ, ಮೇಲೊಂದಿಷ್ಟು ಕೊಬ್ಬರಿ ಮಿಠಾಯಿ. ತೆಂಗಿನ ಸೀಮೆಯವರ ಪ್ರವಾಸದಲ್ಲಿ ಒಂದು ತಮಾಷೆಯಿದೆ. ಪ್ರಕೃತಿ ಸೌಂದರ್ಯ ನೋಡುತ್ತೇವೆಂದು ಹೊರಡುತ್ತೇವೆ, ದಾರಿಯುದ್ದಕ್ಕೂ ಕಂಡವರ ತೋಟದ ಗೊನೆ ನೋಡಿ ನಮ್ಮದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕುತ್ತೇವೆ. ನಾನೂ ಹಾಗೆಯೇ.

ಅತ್ತೆ ಯಾವತ್ತೂ ಹೋಗಬೇಡಿ ಎನ್ನಲಿಲ್ಲ. ಆದರೆ ಹೊರಡುವ ಹೊತ್ತಿಗೆ ಸರಿಯಾಗಿ ಒಂದು ಕೆಲಸ ಹುಟ್ಟುತ್ತಿತ್ತು. ಹಸು ಕರುವನ್ನು ಸೇರಿಸುತ್ತಿಲ್ಲ, ಕಾಯಿ ಸುಲಿಯುವವರು ಬರುತ್ತಾರೆ, ಇಂಥದ್ದು. "ಭಾನ್ವಾರ ಬಂದ್ರೆ ಇವ್ಕೆ ಕಾಲ್ಗೆ ಚಕ್ರ" ಎಂದು ಕಂಬಕ್ಕೆ ಹೇಳುತ್ತಿದ್ದರು. ನಾವು ಸಂಜೆ ವಾಪಸು ಬಂದಾಗ ಮಾತ್ರ, ಬೇರೆ ಕಡೆ ಮುಖ ಮಾಡಿಕೊಂಡು ಒಂದೇ ಪ್ರಶ್ನೆ ಕೇಳುವರು. "ನೀರು ಎಷ್ಟೈತೆ?" ತೋಟದವರು ಕೇಳುವ ಮಾತು ಎಂದುಕೊಂಡು ನಾನು ಒಳಗೆ ಹೋಗುತ್ತಿದ್ದೆ.

ಈ ನಡುವೆ ನಾನು ಸ್ಕೂಟರ್ ಕಲಿತೆ. ಅತ್ತೆ ಸಂತೆಗೆ ಹೋದ ದಿನ, ತೆಂಗಿನ ಸಾಲುಗಳ ನಡುವೆ, ಸೆರಗು ಬಿಗಿದು ಸಿಕ್ಕಿಸಿಕೊಂಡು. ಮೊದಲ ವಾರವೇ ಒಂದು ಮರಕ್ಕೆ ಗುದ್ದಿದೆ. "ಮರ ನಿಂತ ಕಡೆಯೇ ಇತ್ತು, ನೀನೇ ಹೋದದ್ದು" ಎಂದರು ಮೇಷ್ಟ್ರು, ಪಾಠದ ಧ್ವನಿಯಲ್ಲಿ. ಒಂದೆರಡು ತಿಂಗಳಲ್ಲಿ ತೋಟದ ಬದಿಯ ಗಾಡಿದಾರಿಯಲ್ಲಿ ಬೀಳದೆ ಹೋಗಿಬರುವಷ್ಟಾದೆ. ಅತ್ತೆಗೆ ಗೊತ್ತಿಲ್ಲವೆಂದೇ ನಮ್ಮ ನಂಬಿಕೆ.

ಒಳ್ಳೆಯ ಮಳೆಯಾದ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಯಜಮಾನರು ತರಬೇತಿಗೆಂದು ಒಂದು ವಾರ ತುಮಕೂರಿಗೆ ಹೋದರು. ಭಾನುವಾರ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಅತ್ತೆ ಬಾಗಿಲಲ್ಲಿ ನಿಂತರು. ಹಬ್ಬದ ಸೀರೆ ಉಟ್ಟಿದ್ದರು.

"ಬೋರನಕಣಿವೆ ತುಂಬೈತಂತೆ" ಎಂದರು. ಹುಳಿಯಾರಿನ ಆಚೆಯ ಜಲಾಶಯ ಅದು.

"ಹೌದಾ ಅತ್ತೆ?"

"ಕರ್ಕಂಡ್ ಹೋಗು."

"ಅವರು ಬರೋದು ಇನ್ನೂ ಬುಧವಾರ."

"ಅವ್ನ್ ಯಾಕೆ? ನೀನ್ ಓಡುಸ್ತೀಯಲ್ಲ. ಮರದ ತೊಗಟೆ ಎದ್ದಿದ್ದು ಕಾಣಲ್ವಾ ನಂಗೆ?"

ತೋಟ ಬಿಟ್ಟು ಆಚೆ ನಾನು ಗಾಡಿ ಓಡಿಸಿದವಳೇ ಅಲ್ಲ. ಹೆಂಗಸು ಸ್ಕೂಟರ್ ಓಡಿಸುವುದನ್ನು ನಮ್ಮ ಸೀಮೆ ಆಗ ಕಂಡಿರಲಿಲ್ಲ. ಆದರೆ ಆಗುವುದಿಲ್ಲ ಎನ್ನಲು ಧೈರ್ಯ ಬೇಕು, ಓಡಿಸುವುದಕ್ಕಿಂತ ಹೆಚ್ಚಿನದು. ಹೊರಟೆವು.

ಹೊನ್ನವಳ್ಳಿಯಲ್ಲಿ ಹೋಟೆಲಿನ ಮುಂದೆ ಕೂತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. "ಯಾರ್ಲಾ ಅದು?" ಎಂದು ಯಾರೋ ಕೇಳಿದ್ದು ಕಿವಿಗೆ ಬಿತ್ತು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನೀನ್ ಮುಂದ್ಕ್ ನೋಡು" ಎಂದರು. ಅವರ ಒಂದು ಕೈ ನನ್ನ ಹೆಗಲ ಮೇಲಿತ್ತು. ಹುಳಿಯಾರು ದಾಟಿ ಕಣಿವೆಯ ಏರಿ ಸೇರುವವರೆಗೂ ಆ ಕೈ ಕದಲಲಿಲ್ಲ.

ನೀರು ಗುಡ್ಡಗಳ ಬುಡದವರೆಗೂ ನಿಂತಿತ್ತು. ಅತ್ತೆ ಕಲ್ಲುಗಳ ಮೇಲೆ ಹುಷಾರಾಗಿ ಇಳಿದು, ಹಬ್ಬದ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ನೀರಿನಲ್ಲಿ ಕಾಲು ಬಿಟ್ಟು ಕೂತರು. ನೀರನ್ನೇ ನೋಡುತ್ತಾ ಹೇಳಿದರು.

"ನಿಮ್ಮಾವ ಹುಳಿಯಾರ್ ಸಂತೆಗೆ ಗಾಡಿ ಕಟ್ಟವ್ರು. ಬಂದ್ ಬಂದ್ ಹೇಳವ್ರು, ಕಣಿವೆ ಹಿಂಗೈತೆ, ನೀರು ಹಂಗೈತೆ ಅಂತ. ಕರ್ಕಂಡ್ ಹೋಗಿ ಅಂದ್ರೆ, ಮುಂದಿನ್ ವಾರ. ಮೂವತ್ ವರ್ಷ ಮುಂದಿನ್ ವಾರ ಕಣೇ."

ಅದನ್ನು ದೂರಿನಂತೆ ಹೇಳಲಿಲ್ಲ. ನಾನು ಬುತ್ತಿ ಬಿಚ್ಚಿದೆ. ಅತ್ತೆ ಮೊದಲ ತುತ್ತನ್ನು ನೀರಿಗೆ ಬಿಟ್ಟು, ಆಮೇಲೆ ತಿಂದರು.

ಬರುವಾಗ ನನಗೆ ಜಂಬ ಬಂದಿತ್ತು, ಕೈ ಕುದುರಿತ್ತು. ಹೊನ್ನವಳ್ಳಿ ಇನ್ನೂ ಸ್ವಲ್ಪ ದೂರವಿರುವಾಗ, ಬೆನ್ನ ಹಿಂದೆ ಏನೋ ಸದ್ದು ಕೇಳಿದಂತಾಯಿತು. ಅತ್ತೆ ಹಾಡುತ್ತಿದ್ದರು. ರಾಗಿ ಬೀಸುವಾಗ ಹೇಳುವಂಥ ಯಾವುದೋ ಹಾಡು, ತೀರ ಸಣ್ಣ ದನಿ, ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ. ಆ ಮನೆಯಲ್ಲಿ ಅವರು ಹಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಇನ್ನೊಂದು ಸಾಲು ಕೇಳಿಸಲಿ ಎಂದು ತಲೆಯನ್ನು ತುಸು ತಿರುಗಿಸಿದೆ. ಅಷ್ಟೇ. ಮುಂದಿನ ಚಕ್ರ ರಸ್ತೆಯಂಚಿನ ಮರಳಿಗೆ ಇಳಿಯಿತು.

ನನಗೆ ಮೊಣಕೈ ತರಚಿತ್ತು. ಅತ್ತೆಯ ಬಲಗೈ ಮಣಿಕಟ್ಟು ಮುರಿದಿತ್ತು. ನಾನು ಅಳುತ್ತಿದ್ದೆ, ಅವರು ಸೀರೆಯ ಮರಳು ಒದರುತ್ತಿದ್ದರು. ಎತ್ತಿನ ಗಾಡಿಯವರೊಬ್ಬರು ಹೊನ್ನವಳ್ಳಿಗೆ ಸೇರಿಸಿದರು. ಅಲ್ಲಿ ಮೂಳೆ ಕಟ್ಟುವವರು ಬಿದಿರ ದಬ್ಬೆ ಇಟ್ಟು ಬಿಗಿದರು.

ಮಾರನೇ ದಿನವೇ ತಿಪಟೂರಿನಿಂದ ಚಿಕ್ಕಮಾವ ಬಂದರು. ಮಾವನ ತಮ್ಮ, ಕೊಬ್ಬರಿ ವ್ಯಾಪಾರಸ್ಥರು. ಮಾವ ಹೋದ ಮೇಲೆ ಮನೆತನಕ್ಕೆ ಹಿರಿಯರು. ಅವರ ಮಾತನ್ನು ಯಜಮಾನರೂ ಮೀರುತ್ತಿರಲಿಲ್ಲ. ನಡುಮನೆಯಲ್ಲಿ ಕೂತು, ನನ್ನ ಕಡೆ ನೋಡದೆ ಹೇಳಿದರು. "ಗಾಡಿ ಮಾರ್ಬುಡ್ಲಿ. ಇವ್ಳನ್ನ ಒಂದ್ನಾಕ್ ದಿನ ತೌರಿಗ್ ಕಳ್ಸಿ. ಬುದ್ಧಿ ಬರ್ಲಿ."

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ನಾಯಿ ಅಡ್ಡ ಬಂತು" ಎಂದರು.

"ಏನು?"

"ನಾಯಿ ಕಣಪ್ಪ. ತೋಟದೊಳಗಿಂದ ನುಗ್ತು. ಯಾರ್ ಓಡ್ಸಿದ್ರೂ ಬೀಳ್ತಿದ್ರು. ಹೋಗಾನ ಅಂದೋಳು ನಾನು, ಮುರ್ದಿರೋದು ನನ್ ಕೈ. ನೀನ್ ಕಾಪಿ ಕುಡಿ."

ಚಿಕ್ಕಮಾವ ಕಾಫಿ ಕುಡಿದು ಎದ್ದು ಹೋದರು. ಗಾಡಿಯೂ ಉಳಿಯಿತು, ನಾನೂ ಉಳಿದೆ. ಆಮೇಲೆ ಅಡಿಗೆಮನೆಯಲ್ಲಿ, ಅವರಿಗೆ ಮುದ್ದೆ ಮುರಿದು ಬಾಯಿಗಿಡುತ್ತಾ ಕೇಳಿದೆ. "ನಾಯಿ ಎಲ್ಲಿತ್ತು ಅತ್ತೆ?"

"ಇತ್ತು ಬುಡು. ನೀನ್ ನೋಡ್ಲಿಲ್ಲ."

ಆ ನಾಯಿ ಮುಂದೆ ನಮ್ಮ ಮನೆಯಲ್ಲಿ ಚೆನ್ನಾಗಿಯೇ ಬೆಳೆಯಿತು. ನೆಂಟರಿಗೆ ಹೇಳುವಾಗ ಕಂದು ಬಣ್ಣವಾಯಿತು, ಬಾಲದ ತುದಿಗೆ ಬಿಳಿ ಬಂತು. ನನ್ನ ಮಕ್ಕಳು "ನಾಯಿಗೆ ಪೆಟ್ಟಾಯ್ತಾ ಅಮ್ಮ?" ಎಂದು ಕೇಳಿದಾಗ, ಇಲ್ಲ, ಓಡಿಹೋಯಿತು ಎಂದು ಸಮಾಧಾನವನ್ನೂ ಹೇಳಿದ್ದೇನೆ. ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅತ್ತೆ ಮತ್ತೆ ಸೀರೆ ಬದಲಿಸಿ ನಿಂತರು. ಯಜಮಾನರು ಮನೆ ಕಾದರು, ನಾವು ಹೋದೆವು. ಹಾಗೆ ಎಷ್ಟೋ ಭಾನುವಾರ.

ಒಮ್ಮೆ ಮಾತ್ರ ಕೇಳಿದ್ದರು. "ಅಲ್ಲ ಕಣೇ, ಅವತ್ತು ನೀನ್ ಯಾಕ್ ತಿರುಗ್ದೆ?"

"ಇಂಜಿನ್ನಲ್ಲಿ ಏನೋ ಸದ್ದು ಬಂದಂಗಾಯ್ತು ಅತ್ತೆ" ಎಂದೆ.

ನಿಜ ಹೇಳಿದ್ದರೆ ಅವರು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಹೇಳದೇ ಇದ್ದದ್ದಕ್ಕೆ ಪ್ರತಿ ಸಲವೂ, ಊರು ದಾಟಿ ರಸ್ತೆ ಖಾಲಿಯಾದ ಕೂಡಲೇ, ಬೆನ್ನ ಹಿಂದೆ ಆ ಸಣ್ಣ ದನಿ ಏಳುತ್ತಿತ್ತು. ನಾನು ಕತ್ತು ನೆಟ್ಟಗೆ ಇಟ್ಟುಕೊಂಡು, ಏನೂ ಕೇಳಿಸದವಳಂತೆ, ಮುಂದಿನ ರಸ್ತೆಯನ್ನೇ ನೋಡುತ್ತಿದ್ದೆ. ವೇಗ ಹೆಚ್ಚಿಸಿದರೆ ಸದ್ದೂ ಹೆಚ್ಚುತ್ತದೆಂದು, ಎಷ್ಟೋ ಸಲ ಬೇಕಾದ್ದಕ್ಕಿಂತ ನಿಧಾನವಾಗಿಯೇ ಓಡಿಸಿದ್ದೇನೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ. ಈಗ ನಿಮಗೆ ಹೇಳಿಬಿಟ್ಟೆ. ಹೇಳಿದರೆ ನಿಂತುಹೋಗುವಂಥ ಹಾಡು ಈಗ ಇಲ್ಲ.