ಅಮ್ಮ ಹುಡುಕುತ್ತಿದ್ದ ಬಿಳಿ ಮೇಕೆಮರಿ

ಶಕುನ, ಸೂಚನೆ ಎಂದೆಲ್ಲ ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುವವಳು ನಾನು. ಈಗಲೂ ಪೂರ್ತಿ ನಂಬುತ್ತೇನೆಂದಲ್ಲ. ಆದರೆ ನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಅಮ್ಮ ಮಂಡ್ಯದಿಂದ ಬಂದು ಲಾಸ್ ಆಲ್ಟೋಸಿನ ನಮ್ಮ ಮನೆಯಲ್ಲಿದ್ದಳು. ಮರೆವು ಶುರುವಾಗಿತ್ತು. ಒಮ್ಮೊಮ್ಮೆ ನನ್ನನ್ನೇ ತನ್ನ ತಂಗಿ ಎಂದುಕೊಳ್ಳುತ್ತಿದ್ದಳು. ನನಗೆ ಮೀಟಿಂಗುಗಳಿದ್ದಾಗ ಪಕ್ಕದ ಮನೆಯ ಹೆಲನ್ ಅವಳನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಇಬ್ಬರೂ ಮುದುಕಿಯರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಅದೇನು ಹರಟೆ ಅಂತೀರಿ!

ಹೆಲನ್ ಮನೆಯ ಗೋಡೆಯ ಮೇಲೆ ಫ್ರಾನ್ಸಿನಲ್ಲಿ ನೇಯ್ದ ದೊಡ್ಡ ಉಣ್ಣೆಯ ಟ್ಯಾಪೆಸ್ಟ್ರಿ ಇತ್ತು. ಜನ ಮೆಚ್ಚಿದ ಕಥೆಗಳನ್ನು ಅಲ್ಲಿ ಹೀಗೆ ಚಿತ್ರವಾಗಿ ನೇಯುತ್ತಿದ್ದರಂತೆ. ಇದು ಒಂದು ಕಾಲಕ್ಕೆ ಅಲ್ಲಿ ಮನೆಮನೆಯಲ್ಲೂ ಓದುತ್ತಿದ್ದ ಪ್ರೇಮಕಥೆಯ ದೃಶ್ಯ: ಊರು ಬಿಟ್ಟು ಹೊರಟ ಹುಡುಗಿ ಒಂದು ಕಾಲನ್ನು ದೋಣಿಯಲ್ಲಿಟ್ಟು ತಿರುಗಿ ನೋಡುತ್ತಿದ್ದಾಳೆ. ಅಮ್ಮ ಅದರ ಮುಂದೆಯೇ ಕೂರುತ್ತಿದ್ದಳು.

ಕರೆತರಲು ಹೋದಾಗಲೆಲ್ಲ ಒಂದೇ ಗಲಾಟೆ.

"ಬಿಳೀ ಮೇಕೆಮರಿ ಎಲ್ಲೋಯ್ತು? ಅದ್ನ ಬುಟ್ಟು ಆ ಹೆಣ್ಣು ದೋಣಿ ಹತ್ತಾಕಿಲ್ಲ ಕಣೆ."

"ಅಮ್ಮಾ, ಅಲ್ಲಿ ಯಾವ ಮೇಕೇನೂ ಇಲ್ಲ. ನಡಿ."

"ನಿಂಗೆ ಕಾಣಾಕಿಲ್ಲ ಅಂದ್ರೆ ಇಲ್ವಾ?"

ನಾನು ರೇಗುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು. ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಹೆಲನ್ ಬರ್ಕ್ಲಿಯಲ್ಲಿದ್ದ ಮಗಳ ಮನೆಯಲ್ಲೇ ಇರಲು ಹೊರಟ ದಿನ ಟ್ಯಾಪೆಸ್ಟ್ರಿ ಇಳಿಸಲು ನಾನು, ನನ್ನ ಮಗಳು ಅನು ಹೋದೆವು. ಅಮ್ಮನೂ ಬಂದಳು. ಗೋಡೆಗೆ ಅಗಲ ಹೆಚ್ಚಾಯಿತೆಂದು ಹೆಲನ್ ಅವರ ಮಾವ ಅದರ ಬಲಗಡೆಯ ಒಂದು ಮೊಳವನ್ನು ಹಿಂದಕ್ಕೆ ಮಡಿಸಿ ಹೊಲಿಸಿಬಿಟ್ಟಿದ್ದರಂತೆ, ಈಕೆ ಮದುವೆಯಾಗಿ ಬರುವ ಮೊದಲೇ. ಇಳಿಸುವಾಗ ಆ ಹಳೇ ಹೊಲಿಗೆ ಕಿತ್ತುಹೋಗಿ ಮಡಿಕೆ ಬಿಚ್ಚಿಕೊಂಡಿತು.

"ಮಾಮ್! ದೇರ್ ಈಸ್ ಎ ಗೋಟ್!" ಎಂದು ಅನು ಕೂಗಿದಳು.

ಬೆಳಕು ತಾಗದೆ ಬಣ್ಣ ಮಾಸದೆ ಉಳಿದ ಬಿಳಿ ಮೇಕೆಮರಿಯೊಂದು ದೋಣಿಯ ಕಡೆಗೆ ಓಡಿಬರುತ್ತಿತ್ತು. ಹೆಲನ್ ಕೂಡ ಅದನ್ನು ನೋಡಿದ್ದು ಅಂದೇ ಮೊದಲು. ಕುರ್ಚಿಯಲ್ಲಿದ್ದ ಅಮ್ಮ ಮಾತ್ರ "ಬಂತಾ? ಸರಿ, ಇನ್ನು ಹೊರಡ್ಲಿ ಬುಡು" ಎಂದಳು.

ಅಮ್ಮನಿಗೆ ಓದು ಬಾರದು. ಆ ಕಥೆಯನ್ನು ಅವಳಿಗೆ ಹೇಳಿದವರೂ ಇಲ್ಲ. ಎಷ್ಟು ತಲೆ ಕೆಡಿಸಿಕೊಂಡರೂ ನನಗೆ ಇದರ ತಲೆಬುಡ ತಿಳಿದಿಲ್ಲ. ಆದರೆ ಅಂದಿನಿಂದ ಅವಳಿಗೆ "ಇಲ್ಲ" ಎನ್ನಲು ಬಾಯಿ ಬರುವುದಿಲ್ಲ.

ಮೊನ್ನೆ ಸಂಜೆ "ನಿಮ್ಮಪ್ಪ ಬಂದವ್ರೆ, ಬಾಗ್ಲು ತೆಗಿಯೇ" ಎಂದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಎದ್ದು ಹೋಗಿ ತೆಗೆದೆ. ನನಗೆ ಯಾರೂ ಕಾಣಲಿಲ್ಲ. ಆದರೂ ತಕ್ಷಣ ಮುಚ್ಚಲು ಮನಸ್ಸಾಗಲಿಲ್ಲ.