ಷಡ್ಡಕನ ಮೂರು ಸೆಕೆಂಡು

ಟೀವಿಯ ಹಾಸ್ಯ ಧಾರಾವಾಹಿಗಳಲ್ಲಿ ಯಾರಾದರೂ ಒಂದು ಮಾತು ಆಡಿದ ಕೂಡಲೇ ಕಣ್ಣಿಗೆ ಕಾಣದ ಜನರೆಲ್ಲ ಘೊಳ್ಳೆಂದು ನಗುತ್ತಿದ್ದರಲ್ಲ, ಆ ನಗು ತಾನಾಗಿ ಬರುತ್ತಿರಲಿಲ್ಲ. ಅದನ್ನು ಹಾಕುವುದಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಿತ್ತು. ಇಪ್ಪತ್ತೊಂದು ವರ್ಷ ಅದೊಂದೇ ಕೆಲಸ ಮಾಡಿದವರನ್ನು ಸ್ಟುಡಿಯೋದಲ್ಲಿ ಎಲ್ಲರೂ ನಗೆಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರೇನಲ್ಲ, ಮುಖ ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವರ ಮುಖ. ದಿನವಿಡೀ ಮಿಠಾಯಿ ತೂಗುವವನು ಮಿಠಾಯಿ ತಿನ್ನುತ್ತಾನೆಯೇ ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಅವರ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆ ಸದ್ದು ಹೀರುವ ದಪ್ಪ ಸ್ಪಂಜು, ಒಂದು ಕೈ ಮುರಿದ ತಿರುಗುವ ಕುರ್ಚಿ, ಎದುರಿಗೆ ಕಂಪ್ಯೂಟರು. ಅದರೊಳಗೆ ಮುನ್ನೂರ ನಲವತ್ತು ನಗು. ಎಂದೋ ಯಾವುದೋ ಸಭಾಂಗಣದಲ್ಲಿ ಜನ ನಕ್ಕಾಗ ಹಿಡಿದಿಟ್ಟದ್ದು. ಮುಸಿಮುಸಿ ನಗು, ಕಿಸಕ್ಕನೆ ನಗು, ತಡೆದೂ ತಡೆಯಲಾರದ ನಗು, ಹೊಟ್ಟೆ ಹುಣ್ಣಾಗುವ ನಗು, ಎಲ್ಲಕ್ಕೂ ನಂಬರು. ಕತ್ತಲಲ್ಲೂ ಉಪ್ಪಿನ ಡಬ್ಬಿಗೆ ಕೈ ಹಾಕುವ ಅಡುಗೆಯವರ ಹಾಗೆ ಮೇಷ್ಟ್ರು ಬೇಕಾದ ನಗುವಿಗೆ ಕಣ್ಮುಚ್ಚಿ ಕೈ ಹಾಕುತ್ತಿದ್ದರು. ಜೋಕು ಸಪ್ಪೆಯಾಗಿದ್ದರೆ ಒಂದು ಚಿಟಿಕೆ ಹೆಚ್ಚು.

ಇಷ್ಟರಲ್ಲೇ ಸುಖವಾಗಿದ್ದುಬಿಡಬಹುದಿತ್ತು. ಆದರೆ ಮೇಷ್ಟ್ರಿಗೆ ಒಬ್ಬ ಷಡ್ಡಕನಿದ್ದ.

ಮೇಷ್ಟ್ರು ಆ ಮನೆಯ ದೊಡ್ಡ ಮಗಳನ್ನು ಮದುವೆಯಾಗಿ ಒಂಬತ್ತು ವರ್ಷ ಒಬ್ಬನೇ ಅಳಿಯನಾಗಿ ಮೆರೆದಿದ್ದರು. ಮಾವನ ಮನೆಯ ನಡುಮನೆಯಲ್ಲಿ ಫ್ಯಾನಿನ ನೇರ ಕೆಳಗಿನ ಕುರ್ಚಿ ಅವರದು. ಆಮೇಲೆ ನಾದಿನಿ ಒಬ್ಬ ನಟನನ್ನು ಮೆಚ್ಚಿ ಮದುವೆಯಾದಳು. ಕೆಲಸವಿಲ್ಲದ ನಟ. ಹೆಂಡತಿಯ ಒತ್ತಾಯಕ್ಕೆ ಮೇಷ್ಟ್ರೇ ಅವನನ್ನು ತಮ್ಮ ಚಾನೆಲ್ಲಿನ ಧಾರಾವಾಹಿಗೆ ಸೇರಿಸಿದರು. ವಠಾರವೊಂದರ ಜಂಭದ ಕಾರ್ಯದರ್ಶಿಯ ಪಾತ್ರ. ಎರಡು ವರ್ಷದಲ್ಲಿ ಅವನು ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುವಂತಾಯಿತು. ಅತ್ತೆ ಒಂದು ಭಾನುವಾರ, "ಇಲ್ಲಿ ಬಾಪ್ಪ, ಗಾಳಿಗೆ ಕೂತ್ಕೋ" ಎಂದು ಚಿಕ್ಕಳಿಯನನ್ನು ಫ್ಯಾನಿನ ಕೆಳಗೆ ಕೂರಿಸಿದರು. ದೊಡ್ಡಳಿಯ ಬಾಗಿಲ ಪಕ್ಕದ ಸ್ಟೂಲಿಗೆ ಸರಿದರು. ಅಂದಿನಿಂದ ಅದು ಅಲ್ಲೇ, ಇವರೂ ಅದರ ಮೇಲೇ.

ಕರುಬುವುದಕ್ಕೆ ಇಷ್ಟು ಸಾಲದೇ? ಸಾಲದು ಎಂಬಂತೆ ಇನ್ನೊಂದಿತ್ತು. ಷಡ್ಡಕ ಮೊದಲಿಗೆ ಬಹಳ ಅವಸರದವನು. ಒಂದು ಜೋಕಿಗೆ ನಗು ಹಾಕಲು ಜಾಗವನ್ನೇ ಬಿಡದೆ ಮುಂದಿನ ಮಾತು ಆಡಿಬಿಡುತ್ತಿದ್ದ. ಮೇಷ್ಟ್ರು ಪಕ್ಕಕ್ಕೆ ಕರೆದು, ಜೋಕು ಹೇಳಿದ ಮೇಲೆ ಜೇಬಿನೊಳಗೆ ಹೆಬ್ಬೆರಳಿನಿಂದ ಮೂರು ಬೆರಳು ಮುಟ್ಟು, ಒಂದು, ಎರಡು, ಮೂರು, ಆಮೇಲೆ ಬಾಯಿ ತೆಗೆ ಎಂದು ಹೇಳಿಕೊಟ್ಟರು. ತಾವೇ ಎದುರಿಗೆ ನಿಂತು ಮಾಡಿ ತೋರಿಸಿದರು. ಎಣಿಸುವಾಗ ಮೇಷ್ಟ್ರ ಹುಬ್ಬು ಮೇಲೇರುತ್ತಿತ್ತು, ತುಟಿ ಬಿಗಿಯುತ್ತಿತ್ತು, ಕಣ್ಣು ಚಾವಣಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಶಿಷ್ಯ ಶ್ರದ್ಧೆಯವನು, ಬೆರಳಿನ ಜೊತೆಗೆ ಹುಬ್ಬನ್ನೂ ಕಲಿತ. ಆ ಮೂರು ಸೆಕೆಂಡಿನೊಳಗೆ ಮೇಷ್ಟ್ರು ನಗು ತುಂಬಿದರು, ಕೀರ್ತಿ ಷಡ್ಡಕನ ಪಾಲಾಯಿತು.

ಒಂದು ಸಂಜೆ ಮನೆಯಲ್ಲಿ ಧಾರಾವಾಹಿಯ ಮರುಪ್ರಸಾರ ನೋಡುತ್ತ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆಂಡತಿಯನ್ನು ನಗಿಸುವುದು ಮೇಷ್ಟ್ರಿಗೆ ಮದುವೆಯಾದ ಹೊಸದರಲ್ಲೂ ಆಗಿರಲಿಲ್ಲ. ಹೇಳಿದ ನಾಲ್ಕೈದು ಜೋಕುಗಳಿಗೆ ಅವಳು "ಆಮೇಲೆ?" ಎಂದು ಕೇಳಿದ್ದಳು. ಮೇಷ್ಟ್ರು ತಡೆಯಲಾರದೆ, ಆ ನಗು ನಂದು, ಇನ್ನೂರ ಹದಿನಾರನೇ ನಂಬರು, ಅದನ್ನ ಕೇಳಿಯೇ ನಿನಗೆ ನಗು ಬಂದದ್ದು ಎಂದರು.

"ನೀವು ನಗು ಹಾಕಿದ್ರಿ, ಅವನು ನಗಿಸ್ದ," ಎಂದಳು ಹೆಂಡತಿ. "ಎರಡೂ ಒಂದೇನಾ?"

ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು. ಮಾರನೆಯ ದಿನದಿಂದ ಮೇಷ್ಟ್ರು ಷಡ್ಡಕನ ಒಳ್ಳೊಳ್ಳೆಯ ಜೋಕಿಗೆಲ್ಲ ಹನ್ನೆರಡನೇ ನಂಬರಿನ ನಗು ಹಾಕತೊಡಗಿದರು. ಅದರ ಕೊನೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಯಾರೂ ಗಮನಿಸಲಿಲ್ಲ. ಅಷ್ಟರಮಟ್ಟಿಗೆ ಸೇಡು ತೀರಿಸಿಕೊಳ್ಳಲು ನಮ್ಮಂಥವರಿಗೂ ಬರುತ್ತದೆ.

ಹೀಗಿರುವಾಗ ಚಾನೆಲ್ಲಿನ ಸಾಹೇಬರು ಸಭೆ ಕರೆದರು. ಎಲ್ಲಿ ನಗಬೇಕೆಂದು ನಮಗೆ ಹೇಳಿಕೊಡಲು ಇವರ್ಯಾರು ಎಂದು ನೋಡುವ ಜನ ಕೇಳುತ್ತಿದ್ದಾರಂತೆ. ಬೇರೆ ಚಾನೆಲ್ಲುಗಳಲ್ಲಿ ಡಬ್ಬಿಯ ನಗು ಒಂದೊಂದಾಗಿ ನಿಂತಿದೆಯಂತೆ. ಮುಂದಿನ ವಾರದಿಂದ ನಮ್ಮಲ್ಲೂ ಬೇಡ. ಮೇಷ್ಟ್ರಿಗೆ ಇನ್ನು ಕಾಲ್ಸಪ್ಪಳ, ಕರೆಗಂಟೆ, ಬಾಗಿಲ ಕಿರ್ರೆನ್ನುವ ಸದ್ದು ಹಾಕುವ ಕೆಲಸ. ಎಲ್ಲರೂ ಸಾವಿನ ಮನೆಗೆ ಬಂದವರಂತೆ ಅವರ ಭುಜ ತಟ್ಟಿದರು. ಅವರಾದರೋ ಮದುವೆ ಗೊತ್ತಾದವರ ಹಾಗೆ ಮನೆಗೆ ನಡೆದರು. ನಗು ತೆಗೆದರೆ ಷಡ್ಡಕನಲ್ಲಿ ಉಳಿಯುವುದೇನು? ಅತ್ತೆಯ ಮನೆಯಲ್ಲಿ, ಹೆಂಡತಿಯ ಕಣ್ಣೆದುರಿಗೆ, ಎರಡೂ ಒಂದೇನಾ ಎಂಬುದು ಧಾರಾವಾಹಿ ಬರುವ ಭಾನುವಾರ ಹನ್ನೊಂದು ಗಂಟೆಗೆ ತೀರ್ಮಾನವಾಗಲಿತ್ತು.

ಆದರೆ ಅಷ್ಟರಲ್ಲೇ ಹನ್ನೆರಡು ಕಂತು ಚಿತ್ರೀಕರಣ ಮುಗಿದಿತ್ತು. ಎಲ್ಲದರಲ್ಲೂ ನಗುವಿಗೆಂದು ಬಿಟ್ಟ ಜಾಗ. ಎಡಿಟಿಂಗ್ ಮಾಡುವ ಹೆಂಗಸು ಮೇಷ್ಟ್ರ ಕೋಣೆಗೆ ಬಂದು, ಜೋಕಾದ ಮೇಲೆ ಎಲ್ಲರೂ ಸುಮ್ಮನೆ ನಿಂತಿರುತ್ತಾರೆ ಸಾರ್, ಕತ್ತರಿಸಲೇ ಎಂದು ಕೇಳಿದಳು.

"ಉಳಿದೋರದ್ದೆಲ್ಲ ಕತ್ತರಿಸಮ್ಮ," ಎಂದರು ಮೇಷ್ಟ್ರು. "ಕಾರ್ಯದರ್ಶಿದು ಮಾತ್ರ ಮುಟ್ಬೇಡ. ಕತ್ತರಿಸಿದ್ರೆ ಅವನ ತುಟಿಗೂ ಮಾತಿಗೂ ತಾಳ ತಪ್ಪುತ್ತೆ."

ಇದು ಶುದ್ಧ ಸುಳ್ಳು. ಇಪ್ಪತ್ತೊಂದು ವರ್ಷದ ಅನುಭವವಿದ್ದವರು ಹೇಳಿದ ಸುಳ್ಳಾದ್ದರಿಂದ ಅವಳು ನಂಬಿದಳು. ಜೋಕು ಹೇಳಿ, ಯಾರೂ ನಗದೆ, ಬೆಪ್ಪಾಗಿ ನಿಂತ ಷಡ್ಡಕನನ್ನು ನೆನೆದು ಮೇಷ್ಟ್ರು ಆ ವಾರವೆಲ್ಲ ಎರಡು ಹೊತ್ತೂ ಹೊಟ್ಟೆತುಂಬ ಉಂಡರು.

ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದರು. ಷಡ್ಡಕನನ್ನು ಮೇಷ್ಟ್ರೇ ಕೈಹಿಡಿದು ಫ್ಯಾನಿನ ಕೆಳಗೆ ಕೂರಿಸಿದರು. ಧಾರಾವಾಹಿ ಶುರುವಾಯಿತು. ತೆರೆಯ ಮೇಲೆ ಕಾರ್ಯದರ್ಶಿ ಮೊದಲ ಜೋಕು ಹೇಳಿದ. ನಗುವಿಲ್ಲ. ಹುಬ್ಬು ಏರಿತು, ತುಟಿ ಬಿಗಿಯಿತು, ಕಣ್ಣು ಚಾವಣಿಗೆ ಹೋಯಿತು. ಒಂದು, ಎರಡು, ಮೂರು. ನಡುಮನೆಯಲ್ಲಿ ಫ್ಯಾನಿನ ಸದ್ದೊಂದೇ. ಎರಡನೇ ಜೋಕು. ಮತ್ತೆ ಅದೇ ಹುಬ್ಬು, ಅದೇ ಮೌನ. ಅತ್ತೆ ಕೆಮ್ಮಿದರು. ನಾದಿನಿ ನೆಲ ನೋಡಿದಳು. ಕುರ್ಚಿಯಲ್ಲಿದ್ದ ಷಡ್ಡಕ ಒದ್ದೆ ಬಟ್ಟೆಯ ಹಾಗೆ ಮುದುಡಿದ. ಮೇಷ್ಟ್ರಿಗೆ ಸ್ಟೂಲು ಸಿಂಹಾಸನವಾಯಿತು.

ಮೂರನೆಯದಕ್ಕೆ ಯಾರೋ ನಕ್ಕರು. ನೋಡಿದರೆ ಮಾವ. ಅವರಿಗೆ ಕಿವಿ ಕೇಳಿಸದು. ಆರು ವರ್ಷ ಚಿಕ್ಕಳಿಯನ ಧಾರಾವಾಹಿಯ ಮುಂದೆ ಮರ್ಯಾದೆಗೆಂದು ಕೂತು ತೂಕಡಿಸಿದವರು, ಈಗ ಸುತ್ತ ಯಾರೂ ನಗದಿರುವುದನ್ನು ಕಂಡು ಮಂಡಿ ತಟ್ಟಿಕೊಂಡು, "ಅವನ ಮುಖ ನೋಡ್ರೋ," ಎಂದರು. "ಏನೋ ಘನಂದಾರಿ ಮಾತು ಹೇಳ್ಬಿಟ್ಟೆ ಅಂತ ಚಪ್ಪಾಳೆಗೆ ಕಾಯ್ತವ್ನೆ, ಒಬ್ರೂ ತಟ್ತಿಲ್ಲ."

ಎಲ್ಲರೂ ಮುಖ ನೋಡಿದರು. ಅಲ್ಲಿಗೆ ಮುಗಿಯಿತು. ನಾಲ್ಕನೇ ಜೋಕಿಗೆ ಅತ್ತೆ ಸೋಫಾದಿಂದ ಜಾರಿದರು. ಐದನೆಯದಕ್ಕೆ ಕಾರ್ಯದರ್ಶಿ ಬಾಯಿ ತೆರೆಯುವ ಮೊದಲೇ ನಗು. ಜೋಕು ಏನೆಂದು ಯಾರಿಗೂ ಬೇಕಾಗಿರಲಿಲ್ಲ. ಅದಾದ ಮೇಲಿನ ಮೂರು ಸೆಕೆಂಡು ಸಾಕಾಗಿತ್ತು. ಹೆಂಡತಿ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ನಗುವನ್ನು ಮೇಷ್ಟ್ರು ವೃತ್ತಿಯವರ ಕಿವಿಯಿಂದ ಆಲಿಸಿದರು. ಸಣ್ಣಗೆ ಎದ್ದು, ನಡುವೆ ಒಮ್ಮೆ ಉಸಿರು ಕಟ್ಟಿ, ಕೊನೆಗೆ ಮೂರು ತುಂಡಾಗಿ ಒಡೆಯುವ ನಗು. ಮುನ್ನೂರ ನಲವತ್ತರಲ್ಲಿ ಅಂಥದೊಂದು ಇರಲಿಲ್ಲ.

ಮುಂದಿನ ವಾರಕ್ಕೆಲ್ಲ ಬಸ್ ಸ್ಟಾಪಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಶಾಲೆಯ ಗೇಟಿನಲ್ಲಿ ಜನ ಹುಬ್ಬೇರಿಸಿ ಚಾವಣಿ ನೋಡತೊಡಗಿದರು. ಚಾವಣಿಯಿಲ್ಲದ ಕಡೆ ಆಕಾಶ.

ಷಡ್ಡಕ ಒಂದು ಬುಟ್ಟಿ ಹಣ್ಣು ಹಿಡಿದು ಮೇಷ್ಟ್ರ ಮನೆಗೆ ಬಂದ. ಬಂದವನೇ ಮೇಷ್ಟ್ರ ಹೆಂಡತಿಯ ಎದುರಿಗೇ ಅವರ ಕಾಲು ಮುಟ್ಟಿದ. "ಭಾವ, ಎಡಿಟಿಂಗಿನವರು ಎಲ್ಲಾ ಹೇಳಿದ್ರು. ಎಲ್ಲರದೂ ಕತ್ತರಿಸಿ ಅಂದು ನಂದೊಂದು ಉಳಿಸಿದ್ದು ನೀವಂತೆ. ನನಗೇ ಗೊತ್ತಿರ್ಲಿಲ್ಲ ನನ್ನಲ್ಲಿ ಇಂಥದೊಂದು ಇದೆ ಅಂತ. ನೀವು ಕಂಡ್ರಿ."

ಹೌದೆಂದರೆ ಅವನ ಏಳಿಗೆಗೆ ತಾವೇ ಮೆಟ್ಟಿಲಾದಂತೆ. ಅಲ್ಲವೆಂದರೆ ಕಾರಣ ಹೇಳಬೇಕು. ಮೇಷ್ಟ್ರು ಒಂದು ಹಣ್ಣು ಎತ್ತಿಕೊಂಡು, ಚೆನ್ನಾಗಿ ಮಾಗಿದೆ ಎಂದರು.

ಅವನು ಹೋದ ಮೇಲೆ ಹೆಂಡತಿ ಅಡುಗೆಮನೆಯಲ್ಲಿ ಹಣ್ಣು ತೊಳೆಯುತ್ತ, ತಿರುಗಿ ನೋಡದೆಯೇ ಕೇಳಿದಳು.

"ನಿಜ ಹೇಳಿ. ಅವನು ಮುಗ್ಗರಿಸಿ ಬೀಳ್ಲಿ ಅಂತ ತಾನೇ ಬಿಟ್ಟಿದ್ದು?"

ಮೇಷ್ಟ್ರು ಏನಾದರೂ ಸಂಭಾವಿತವಾದದ್ದು ಹೊಳೆಯಲಿ ಎಂದು ಕಾದರು. ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಹೆಬ್ಬೆರಳು ಒಂದು ಬೆರಳು ಮುಟ್ಟಿತು, ಎರಡು ಮುಟ್ಟಿತು. ಹೆಂಡತಿ ಇತ್ತ ತಿರುಗಿದಳು. ಅವರ ಮುಖ ನೋಡಿದವಳೇ ಕೈಯಲ್ಲಿದ್ದ ಹಣ್ಣನ್ನು ತೊಟ್ಟಿಗೆ ಬಿಟ್ಟು ನಗತೊಡಗಿದಳು. ಸಣ್ಣಗೆ ಎದ್ದು, ಉಸಿರು ಕಟ್ಟಿ, ಮೂರು ತುಂಡಾಗಿ ಒಡೆಯುವ ಅದೇ ನಗು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ, ಅವರೆದುರಿಗೆ, ಅವರ ಮುಖ ನೋಡಿ. ಮೇಷ್ಟ್ರ ಎದೆ ಒಂದು ಗಳಿಗೆ ತುಂಬಿ ಬಂತು.

"ಅಯ್ಯೋ, ಇನ್ನೊಂದ್ಸಲ ಮಾಡಿ," ಎಂದಳು ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಥೇಟ್ ಅವನ ಹಾಗೇ ಮಾಡ್ತೀರಲ್ರೀ. ಅವನಷ್ಟು ಬರಲ್ಲ ಅಷ್ಟೇ."