ಬರಿಯ ಚಿಪ್ಪಿನ ಸಾರು

ಬಸುರಿ ಬಯಕೆ ಅನ್ನುವುದೆಲ್ಲ ಬೇಕಾದ್ದು ಮಾಡಿಸಿಕೊಂಡು ತಿನ್ನಲು ಹೆಂಗಸರು ಹೂಡುವ ನೆಪ ಎಂದು ನಗುತ್ತಿದ್ದವಳು ನಾನು. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಆ ಮಧ್ಯಾಹ್ನ ಆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹಾಸನದ ಪೇಟೆಯಲ್ಲಿ ಬೆಳೆದ ನಾನು ದಂಡಿಗನಹಳ್ಳಿ ಕಡೆಯ ಊರಿಗೆ ಸೊಸೆಯಾಗಿ ಬಂದ ವರ್ಷವೇ ಬಸುರಿಯಾದೆ. ತಿಂದದ್ದೆಲ್ಲ ವಾಂತಿ. ತೂಕ ಇನ್ನೂ ಇಳಿದರೆ ಮಗುವಿಗೆ ತೊಂದರೆ ಎಂದು ಡಾಕ್ಟರು ಗದರಿದ್ದರು. ಅತ್ತೆ ಮಾಡಿಕೊಡದ ಅಡುಗೆಯಿಲ್ಲ, ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಾಲಿಗೆಗೆ ಒಂದು ರುಚಿ ಬಂತು. ನಾನು ಎಂದೂ ತಿಂದದ್ದಲ್ಲ. ಮೆಣಸಿನ ಖಾರ, ಸ್ವಲ್ಪ ಕೆಸರಿನ ವಾಸನೆ, ಹೀರಿದರೆ ಪುಳಕ್ಕನೆ ಬಾಯಿಗೆ ಬರುವ ಏನೋ ಒಂದು.

ಹೇಳಿದೆ. ಅತ್ತೆ ಕೈಲಿದ್ದ ಮೊರ ಕೆಳಗಿಟ್ಟರು.

"ಅದು ನಮ್ ಕೆರೆ ಸಣ್ ನತ್ತೆ ಕಣವ್ವಾ, ಮೈಮ್ಯಾಲೆ ಗೀರಿರೋದು. ನಿಂಗ್ಯಾರು ಯೋಳುದ್ರು?"

ಯಾರೂ ಹೇಳಿರಲಿಲ್ಲ. ನತ್ತೆ ಅಂದರೆ ನೀರಿನ ಬಸವನಹುಳು. ಆ ಗೀರಿನ ಜಾತಿ ನಮ್ಮೂರ ಕೆರೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲವಂತೆ. ನಾನು ಬರುವ ಎಷ್ಟೋ ವರ್ಷ ಮೊದಲೇ ಕೆರೆ ಬತ್ತಿಸಿ, ಜೆಸಿಬಿಯಲ್ಲಿ ಹೂಳೆತ್ತಿ, ಮಣ್ಣನ್ನೆಲ್ಲ ಹೊಲಗಳಿಗೆ ಹೊಡೆದಿದ್ದರು. ಮತ್ತೆ ನೀರು ತುಂಬಿತು, ದಪ್ಪ ನತ್ತೆಗಳು ಬಂದವು, ಇವು ಮಾತ್ರ ಬರಲಿಲ್ಲ.

ಆದರೂ ಅತ್ತೆ ಕೆರೆಯಂಚೆಲ್ಲ ತಡಕಿ ಬರಿಗೈಲಿ ವಾಪಸಾದರು. ಆಮೇಲೆ ನಮ್ಮ ರಾಗಿ ಹೊಲಕ್ಕೆ ಹೊಡೆದಿದ್ದ ಆ ಕೆರೆಮಣ್ಣಿನಿಂದ, ಆ ಗೀರಿನ ನತ್ತೆಗಳದೇ ಬೆಳ್ಳಗೆ ಒಣಗಿದ ಖಾಲಿ ಚಿಪ್ಪುಗಳನ್ನು ಆಯ್ದು ತಂದರು. ತೊಳೆದು, ಮಸಾಲೆ ಅರೆದು, ಅವನ್ನೇ ಹಾಕಿ ಸಾರು ಕುದಿಸಿಬಿಟ್ಟರು!

"ಬಸುರಿ ಬಯಕೆ ಅಂಗೇ ಬುಡಬಾರ್ದು. ಬಾಯ್ನಾದ್ರೂ ಏಮಾರ್ಸಾನ."

ನನಗೆ ನಗು ತಡೆಯಲಾಗಲಿಲ್ಲ. ಅವರ ಸಮಾಧಾನಕ್ಕೆಂದು ಒಂದು ಚಿಪ್ಪಿನ ತುದಿ ಮುರಿದು ಹೀರಿದೆ. ಹಾಗೆ ಮುರಿಯಬೇಕೆಂದು ಯಾರೂ ಕಲಿಸಿರಲಿಲ್ಲ. ಪುಳಕ್ಕನೆ ಬಂತು. ಮೆತ್ತಗೆ, ಬಿಸಿಯಾಗಿ. ಅಗಿದೆ, ನುಂಗಿದೆ. ಇನ್ನೊಂದು, ಮತ್ತೊಂದು. ಅತ್ತೆ ನನ್ನ ದವಡೆ ಆಡುವುದನ್ನೇ ನೋಡುತ್ತಿದ್ದವರು, ಪಾತ್ರೆಯಲ್ಲಿ ಉಳಿದ ಚಿಪ್ಪೊಂದನ್ನು ತಾವೂ ಹೀರಿದರು. ಬರಿಯ ಸಾರು. ಇನ್ನೊಂದು ಹೀರಿದರು. ಅದೂ ಅಷ್ಟೇ.

ಅಂದು ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಮರುದಿನದಿಂದ ಮುದ್ದೆಯೂ ನಿಂತಿತು. ಮಗಳು ದುಂಡುದುಂಡಾಗಿ ಹುಟ್ಟಿ ಈಗ ಶಾಲೆಗೆ ಹೋಗುತ್ತಾಳೆ, ಸುಖವಾಗಿದ್ದೇವೆ. ಹಸಿದವಳಿಗೆ ಭ್ರಮೆ ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆದರೆ ಭ್ರಮೆ ಹಲ್ಲಿಗೆ ಸಿಗುತ್ತದೆಯೇ? ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ಹೋದ ವರ್ಷ ಅತ್ತೆಗೇ ಆಸೆಯಾಗಿ, ಮತ್ತೆ ಚಿಪ್ಪು ಆಯ್ದು ಅದೇ ಸಾರು ಮಾಡಿದರು. ಇಬ್ಬರೂ ಕೂತು ಒಂದೊಂದೇ ಹೀರಿದೆವು. ನನಗೂ ಸಾರೇ ಬಂತು, ಬೇರೇನೂ ಇಲ್ಲ. ಕೊನೆಯದನ್ನೂ ಕೆಳಗಿಟ್ಟ ಅತ್ತೆ ನನ್ನ ಮುಖ ನೋಡಿ ನಕ್ಕರು.

"ಇದ್ದವ್ನೆಲ್ಲ ಅವತ್ತು ನೀನೇ ತಿಂದ್ಬುಟ್ಟಲ್ಲೇ. ನಂಗೊಂದಾದ್ರೂ ಉಳುಸ್ಬಾರ್ದಿತ್ತಾ?"